ಕಬ್ಬಿಣದ ಮಾತ್ರೆ ಮೈಗೆ ಹತ್ತಬೇಕಾದರೆ

ನನ್ನ ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು. 2 ತಿಂಗಳು ಕಬ್ಬಿಣದ ಮಾತ್ರೆ ನುಂಗಿದರೂ ಹೆಚ್ಚೇನೂ ಏರಲಿಲ್ಲ. ಮಾತ್ರೆಯ ಬೆನ್ನಿಗೇ ಟೀ ಕುಡಿಯುತ್ತಿದ್ದೆ. ಟೀ, ಕಾಫಿಯಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣಕ್ಕೆ ಅಂಟಿಕೊಂಡು ಅದನ್ನು ಕರುಳಿನಲ್ಲೇ ಉಳಿಸಿಬಿಡುತ್ತವೆ.

ಹಾಗಾಗಿ ಮಾತ್ರೆಗೂ ಟೀಗೂ 1–2 ಗಂಟೆ ಅಂತರ ಇಡಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿಗೆ ತೆಗೆದುಕೊಳ್ಳಿ.

ಸೊಪ್ಪು, ಕಾಳು ತಿನ್ನುವಾಗ ಜೊತೆಗೆ ವಿಟಮಿನ್ ಸಿ ಇರಲಿ. ನಾನು ನಿಂಬೆರಸ ಹಿಂಡಿಕೊಳ್ಳುತ್ತೇನೆ. ಯಾಕೆ ಅಂದ್ರೆ, ಇವುಗಳಲ್ಲಿನ ಕಬ್ಬಿಣ ಹೆಚ್ಚಾಗಿ ಫೆರಿಕ್ ಅನ್ನೋ ರೂಪದಲ್ಲಿರುತ್ತದೆ. ಸಣ್ಣಕರುಳಿನ ಮೊದಲ ಭಾಗದ ಜೀವಕೋಶಗಳಿಗೆ ಡಿಎಂಟಿ1 ಅನ್ನೋ ಪ್ರೋಟೀನೇ ಬಾಗಿಲು. ಅದು ಕಬ್ಬಿಣದ ಫೆರಸ್ ಅನ್ನೋ ಇನ್ನೊಂದು ರೂಪವನ್ನು ಮಾತ್ರ ಒಳಗೆ ಬಿಡುತ್ತದೆ. ಫೆರಿಕ್ ಅನ್ನು ಫೆರಸ್ ಮಾಡಲು ವಿಟಮಿನ್ ಸಿ ನೆರವಾಗುತ್ತದೆ. ಒಳಗೆ ಬಂದ ಕಬ್ಬಿಣ ಫೆರೋಪೋರ್ಟಿನ್ ಎಂಬ ಇನ್ನೊಂದು ಬಾಗಿಲಿನಿಂದ ರಕ್ತ ಸೇರುತ್ತದೆ. ಅಲ್ಲಿಂದ ಟ್ರಾನ್ಸ್‌ಫೆರಿನ್ ಅನ್ನೋ ರಕ್ತದ ಪ್ರೋಟೀನ್ ಅದನ್ನು ಹೊತ್ತು, ರಕ್ತಕಣ ತಯಾರಾಗುವ ಮೂಳೆಮಜ್ಜೆಗೆ ಒಯ್ಯುತ್ತದೆ. ಎಷ್ಟು ಚೆಂದದ ಏರ್ಪಾಡು ಅಲ್ವಾ!

ಬೇಗ ಏರಲಿ ಅಂತ ಸುಮ್ನೆ ಜಾಸ್ತಿ ಮಾತ್ರೆ ನುಂಗಬೇಡಿ. ಕಬ್ಬಿಣ ಹೆಚ್ಚಾದರೆ ಯಕೃತ್ತು ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಬಿಟ್ಟು ಆ ಎರಡನೇ ಬಾಗಿಲನ್ನು ಮುಚ್ಚಿಸುತ್ತದೆ. ಅದಕ್ಕೇ ಕೆಲವರಿಗೆ ವೈದ್ಯರು ದಿನ ಬಿಟ್ಟು ದಿನ ಮಾತ್ರೆ ಹೇಳುತ್ತಾರೆ. ನಿಮಗೆ ಎಷ್ಟು ಬೇಕು ಅಂತ ಅವರನ್ನೇ ಕೇಳಿ. ಡಬ್ಬಿ ಮಾತ್ರ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಕಬ್ಬಿಣ ಅವರಿಗೆ ವಿಷವಾಗಬಹುದು.