ಮಳೆ ಹಿಡಿಯುವ ಮೊದಲೇ ಕೇಳಿಟ್ಟುಕೊಳ್ಳಬೇಕಾದ್ದು

ಕಾಯಿಲೆ ಬಲಿತವರನ್ನು, ಮುಂದೆ ಹೆಚ್ಚಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಈ ಮಾತುಕತೆಗೆ ಸರಿಯಾದ ಕಾಲ ಏಪ್ರಿಲ್-ಮೇ. ಜೂನ್ ಕಳೆದರೆ ಮರ ಬಿದ್ದು ರಸ್ತೆ, ಕರೆಂಟು, ನೆಟ್‌ವರ್ಕ್ ಮೂರೂ ಒಟ್ಟಿಗೆ ಹೋಗುತ್ತವೆ. ಫೋನಿನಲ್ಲಿ ಕೇಳಿ ತೀರ್ಮಾನಿಸೋಣ ಅನ್ನುವ ಹಾಗಿಲ್ಲ. ವರ್ಷದಲ್ಲಿ ಎರಡನೇ ಸಲ ಅಡ್ಮಿಟ್ ಆದ ಹೃದಯ ವೈಫಲ್ಯದವರು, ಸಿಒಪಿಡಿ ಎಂಬ ವಾಸಿಯಾಗದ ಶ್ವಾಸಕೋಶದ ಕಾಯಿಲೆಯವರು, ಡಯಾಲಿಸಿಸ್ ಸಾಕು ಅನ್ನತೊಡಗಿದವರು, ಹರಡಿದ ಬಾಯಿ ಕ್ಯಾನ್ಸರಿನವರು: ನಾನು ಮೊದಲು ಹೋಗುವುದು ಇವರ ಮನೆಗಳಿಗೆ.

ಮೊದಲ ಭೇಟಿಯಲ್ಲಿ ವೆಂಟಿಲೇಟರಿನ ಮಾತೇ ಬೇಡ. ಅಂಗಳದಲ್ಲೇ ಮಗ ತಡೆದು "ಅಪ್ಪಯ್ಯಂಗೆ ಏನೂ ಹೇಳ್ಬೇಡಿ ಡಾಕ್ಟ್ರೇ" ಅನ್ನುತ್ತಾನೆ. "ನಾನಾಗಿ ಹೇಳಲ್ಲ, ಅವರೇ ಕೇಳಿದ್ರೆ ಸುಳ್ಳೂ ಹೇಳಲ್ಲ" ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ರೋಗಿಗೆ ಕೇಳುವುದು ಇಷ್ಟೇ: "ಗೌಡ್ರೇ, ಹೋದ ಸಲದ ಹಾಗೆ ಉಸಿರು ಕಟ್ಟಿದ್ರೆ ಮತ್ತೆ ಶಿವಮೊಗ್ಗಕ್ಕೆ ಹೋಗೋದಾ, ಮನೇಲೇ ನೋಡ್ಕೊಳ್ಳೋದಾ?" ಕೇಳಿ ಸುಮ್ಮನಿರಬೇಕು. ಆ ಮೌನ ತಡೆಯಲಾರದೆ ಮನೆಯವರೇ ಉತ್ತರಿಸಿದರೆ ಅದನ್ನು ಬರೆದುಕೊಳ್ಳಬಾರದು.

"ಏನೂ ಬೇಡ ಅಂದಿದ್ದಾರೆ" ಎಂದು ಬರೆದಿಟ್ಟ ಹಾಳೆ ಅಪಾಯಕಾರಿ. ರಾತ್ರಿ ಪಾಳಿಯ ವೈದ್ಯರು ಅದನ್ನು ನೋಡಿ ಆಂಟಿಬಯಾಟಿಕ್ಕೂ ಬೇಡವೇನೋ ಅಂದುಕೊಳ್ಳುತ್ತಾರೆ, ಇಲ್ಲವೇ ಹಾಳೆಯನ್ನೇ ಪಕ್ಕಕ್ಕಿಟ್ಟು ಉಸಿರಾಟಕ್ಕೆಂದು ಗಂಟಲಿಗೆ ನಳಿಕೆ ಹಾಕುತ್ತಾರೆ. ಹೃದಯ ನಿಂತಾಗ ಎದೆ ಒತ್ತುವುದು, ವೆಂಟಿಲೇಟರ್, ಐಸಿಯು, ಡಯಾಲಿಸಿಸ್, ಆಹಾರಕ್ಕೆ ಮೂಗಿನ ನಳಿಕೆ, ರಕ್ತ ಕೊಡುವುದು, ಇಂಜೆಕ್ಷನ್ – ಒಂದೊಂದಕ್ಕೂ ಬೇಕು, ಬೇಡ, ನಾಲ್ಕು ದಿನ ನೋಡಿ ಬಿಡೋಣ ಎಂದು ಬೇರೆಬೇರೆಯಾಗಿಯೇ ಬರೆಯಬೇಕು. ಹಾಳೆ ಇರಬೇಕಾದ್ದು ಮಾತ್ರೆ ಡಬ್ಬಿಯ ಜೊತೆ, ಬೀರುವಿನಲ್ಲಲ್ಲ. ಬೆಂಗಳೂರಿನಲ್ಲಿರುವ ಮಕ್ಕಳಿಗೆ ಅದರ ಫೋಟೊ ಮೊದಲೇ ಹೋಗಿರಲಿ. ಕೊನೇ ಗಳಿಗೆಗೆ ಬಂದಿಳಿದವರೇ ಎಲ್ಲವನ್ನೂ ತಿರುಗಿಸುವುದು.

ಕಾನೂನಿನ ಬಲ ಬೇಕಿದ್ದರೆ ಈ ಹಾಳೆ ಸಾಲದು, ಮುಂದೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಬೇಡ ಎಂದು ಈಗಲೇ ಬರೆದಿಡುವ ಮುಂಚಿತ ವೈದ್ಯಕೀಯ ನಿರ್ದೇಶನ ಮಾಡಿಸಬೇಕು. ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದ ಮ್ಯಾಜಿಸ್ಟ್ರೇಟರ ಸಹಿಯನ್ನು 2023ರಲ್ಲಿ ಕೈಬಿಟ್ಟಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕದ 2025ರ ಜನವರಿಯ ಸುತ್ತೋಲೆಯಂತೆ ತಮ್ಮ ಪರವಾಗಿ ತೀರ್ಮಾನಿಸಲು ಇಬ್ಬರ ಹೆಸರು ಕೊಡಬೇಕು. ಆಸ್ತಿ ಪಾಲಿನವರನ್ನು ಸಾಕ್ಷಿ ಮಾಡದಿರುವುದು ಒಳ್ಳೆಯದು. ರೋಗಿಗೆ ಬುದ್ಧಿ ನೆಟ್ಟಗಿರುವಷ್ಟು ಕಾಲ ಕಾಗದಕ್ಕಿಂತ ಅವರ ಬಾಯಿಮಾತೇ ಮೇಲು.

ಮನೆಯಲ್ಲೇ ಅಂದವರಿಗೆ ಸಾಮಗ್ರಿ ಮೊದಲೇ ಸೇರಿರಬೇಕು. ಗಾಳಿಯಿಂದಲೇ ಆಕ್ಸಿಜನ್ ತೆಗೆದು ಕೊಡುವ ಯಂತ್ರ, ಅಂದರೆ 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್, ಸುಮಾರು 350 ವ್ಯಾಟ್ ಎಳೆಯುತ್ತದೆ. 150 ಎಎಚ್ ಬ್ಯಾಟರಿಯ ಇನ್ವರ್ಟರಿನಲ್ಲಿ ಮೂರು-ನಾಲ್ಕು ತಾಸು ಬಂದರೆ ಹೆಚ್ಚು, ಅದೂ ಬ್ಯಾಟರಿ ಹೊಸದಿದ್ದರೆ. ಜೊತೆಗೊಂದು ಬಿ-ಟೈಪ್ ಸಿಲಿಂಡರ್ ಬೇಕೇ ಬೇಕು: 1500 ಲೀಟರ್, ನಿಮಿಷಕ್ಕೆ 2ರಂತೆ 12 ತಾಸು. ನೋವಿಗೆ, ಏದುಸಿರಿಗೆ ಕೊಡುವ ಮಾರ್ಫಿನ್ ಮಾತ್ರೆ ತಾಲೂಕು ಪೇಟೆಯ ಅಂಗಡಿಗಳಲ್ಲಿ ಸಿಗುತ್ತದೆಂದು ನಂಬಿ ಕೂರುವ ಹಾಗಿಲ್ಲ, ಮಾನ್ಯತೆ ಪಡೆದ ಸಂಸ್ಥೆಯಿಂದ ತರಿಸಿಡಬೇಕು. ಮಾರ್ಫಿನ್ ಶುರು ಮಾಡಿದ ದಿನವೇ ಮಲಬದ್ಧತೆಯ ಮಾತ್ರೆಯೂ ಶುರು. ಕಿಡ್ನಿ ಕೆಟ್ಟವರಲ್ಲಿ ಮಾರ್ಫಿನ್ ಮೈಯಲ್ಲೇ ಉಳಿದು ಮಂಪರು, ಕೈಕಾಲು ಜಿಗಿತ ಬರುತ್ತದೆ. ಅವರಿಗೆ ಬೇರೆ ಔಷಧ ನೋಡಬೇಕು.

ಪ್ರತಿ ಅಡ್ಮಿಷನ್ ಆದಮೇಲೂ ಹಾಳೆಯನ್ನು ಓದಿ ಹೇಳಿ ಮತ್ತೆ ಕೇಳುತ್ತೇನೆ. ಮನಸ್ಸು ಬದಲಾಗಿದ್ದರೆ ಹೊಸದಾಗಿ ಬರೆದು ತಾರೀಖು ಹಾಕಿ, ಹಳೆಯದನ್ನು ಅಲ್ಲೇ ಹರಿಯುವುದು.