ಐದುನೂರು ಮೀಟರ್ ಗೆರೆ: ಊರಿನ ಕುಡಿಯುವ ನೀರು ಉಳಿಸಿಕೊಂಡ ನನ್ನ ಅನುಭವ

2024ರ ಬೇಸಿಗೆಯಲ್ಲಿ ನಮ್ಮ ಊರಿಗೆ ಒಂದೇ ಒಂದು ಟ್ಯಾಂಕರ್ ಬರಲಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟು ಬರ ಘೋಷಣೆ ಆಗಿತ್ತು. ಪಕ್ಕದ ಊರುಗಳಲ್ಲಿ ಬಿಂದಿಗೆ ಸಾಲು ಡಾಂಬರು ರಸ್ತೆವರೆಗೂ ಬಂದಿತ್ತು. ನಮ್ಮಲ್ಲಿ ಎರಡು ದಿನಕ್ಕೊಂದು ಸಲ ಬಿಟ್ಟರೂ ನಲ್ಲಿಯಲ್ಲಿ ನೀರು ತಪ್ಪಲಿಲ್ಲ.

"ನಿಮಗೆ ಕೆ.ಸಿ. ವ್ಯಾಲಿ ನೀರು ಬಂತಲ್ವಾ, ಅದಕ್ಕೇ" ಅಂತ ಹೇಳಿದವರು ಬಹಳ ಜನ. ಇಲ್ಲ. ಅದು ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆ ತುಂಬಿಸುವ ಯೋಜನೆ. ಆ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ಸಲ ಬಂದಾಗ ನಾವೂ ಹೋಗಿ ನೋಡಿ ಬಂದಿದ್ದೆವು. ನಮ್ಮ ಕೆರೆ ಆ ಪಟ್ಟಿಯಲ್ಲಿಲ್ಲ. ನಮಗೆ ಮಳೆಯೇ ಗತಿ. ನಾವು ಮಾಡಿದ್ದು ಬೇರೆ ಕೆಲಸ. ಅದನ್ನು ಕೇಳಿಕೊಂಡು ಫೋನ್ ಮಾಡುವ ಮೆಂಬರುಗಳು, ಪಿಡಿಓಗಳು ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ನಮ್ಮದು ಮಾಲೂರು ತಾಲ್ಲೂಕು. ಒಂದು ಕಡೆ ಇಟ್ಟಿಗೆ ಗೂಡು, ಇನ್ನೊಂದು ಕಡೆ ಲೇಔಟು. ಕೆರೆ ಅಂಗಳ ಸುಮಾರು 70 ಎಕರೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಮ್ಮಿ, ಹಾಗಾಗಿ ಕೆರೆ ಸಣ್ಣ ನೀರಾವರಿಯವರದ್ದಲ್ಲ, ಜಿಲ್ಲಾ ಪಂಚಾಯಿತಿಯದು. ನಾನು 2015ರಲ್ಲಿ ಗ್ರಾಮ ಪಂಚಾಯಿತಿಗೆ ಮೊದಲ ಸಲ ಗೆದ್ದೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ಮತ್ತೆ ಗೆದ್ದು ಮೂವತ್ತು ತಿಂಗಳು ಅಧ್ಯಕ್ಷನಾಗಿದ್ದೆ.

ಮೊದಲ ಅವಧಿಯ ಲೆಕ್ಕ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. 2016-17ರಲ್ಲಿ ಊರಿನ ಏಳು ಬೋರ್‌ವೆಲ್‌ಗಳಲ್ಲಿ ನಾಲ್ಕು ನಿಂತವು. ಮೂರು ಹೊಸದಾಗಿ ಕೊರೆಸಿದೆವು. ಎರಡರಲ್ಲಿ ಧೂಳು ಬಂತು. ಒಂದಂತೂ 1,350 ಅಡಿವರೆಗೆ ಹೋಯಿತು, ಒದ್ದೆ ಮಣ್ಣು ಕೂಡ ಬರಲಿಲ್ಲ. ಕೊರೆತ, ಕೇಸಿಂಗ್, ಮೋಟಾರು ಸೇರಿ ಹತ್ತಿರ ಹತ್ತಿರ ಒಂಬತ್ತು ಲಕ್ಷ. ಅದರ ಮೇಲೆ ಟ್ಯಾಂಕರ್. ಲೋಡಿಗೆ 500 ರೂಪಾಯಿ, ದಿನಕ್ಕೆ ಹದಿನೆಂಟು ಲೋಡು, ನಾಲ್ಕು ತಿಂಗಳು. ನೀವೇ ಗುಣಿಸಿ ನೋಡಿ, ಹತ್ತು ಲಕ್ಷ ದಾಟುತ್ತದೆ. ಟ್ಯಾಂಕರ್ ಮಾಲೀಕರಿಗೆ ಬಿಲ್ ಆಗಿದ್ದು ಮುಂದಿನ ವರ್ಷ. ಅಷ್ಟರಲ್ಲಿ ಅವರ ಮುಂದೆ ತಲೆ ಎತ್ತಿ ಓಡಾಡುವುದೇ ಕಷ್ಟ ಆಗಿತ್ತು.

ಆಗ ನಾವು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವಂಥದ್ದೇ. "ಕೆರೆ ಸುತ್ತಮುತ್ತ ಯಾರೂ ಬೋರ್‌ವೆಲ್ ಕೊರೆಸಬಾರದು" ಅಂತ ಸರ್ವಾನುಮತದ ಠರಾವು. ಕಳಿಸಿದ ಕಚೇರಿಯಿಂದ ಮೂರು ತಿಂಗಳಿಗೆ ವಾಪಸ್ ಬಂತು. ಮೂರೇ ಪ್ರಶ್ನೆ ಇತ್ತು ಅದರಲ್ಲಿ. ಯಾವ ಸರ್ವೆ ನಂಬರ್? ಯಾವ ಕಾಯ್ದೆ? ಎಷ್ಟು ದೂರ? ನಮ್ಮ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. ಆ ಮೂರು ತಿಂಗಳಲ್ಲೇ ನಮ್ಮ ಒಳ್ಳೆ ಬೋರ್‌ವೆಲ್‌ನಿಂದ ಅರವತ್ತು ಮೀಟರ್ ಆಚೆ ಒಬ್ಬರು ಕೊರೆಸಿದರು. ಎರಡು ಇಂಚು ಬರುತ್ತಿದ್ದ ನೀರು ವಾರದೊಳಗೆ ಅರ್ಧ ಇಂಚಿಗೆ ಇಳಿಯಿತು. ಅವರ ಮೇಲೆ ಕೋಪ ಮಾಡಿಕೊಂಡು ಏನು ಪ್ರಯೋಜನ? ಅವರ ಟೊಮೆಟೊ ಒಣಗುತ್ತಿತ್ತು.

ಒಬ್ಬ ನಿವೃತ್ತ ಎಂಜಿನಿಯರ್ ಸುಮ್ನೆ ಮಾತಾಡುತ್ತಾ ಹೇಳಿದ ಒಂದು ಮಾತಿನಿಂದ ದಾರಿ ಸಿಕ್ಕಿತು. "2011ರ ಅಂತರ್ಜಲ ಕಾಯ್ದೆ ಎಲ್ಲರಿಗೂ ಗೊತ್ತು. 1999ರದ್ದು ಓದಿದ್ದೀರಾ?" ಅಂದರು. ಓದಿರಲಿಲ್ಲ. ಅದು ಕುಡಿಯುವ ನೀರಿನ ಮೂಲಗಳ ರಕ್ಷಣೆಗೇ ಮಾಡಿದ ಕಾಯ್ದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ಕೊರೆಯುವಂತಿಲ್ಲ. ಬಾವಿ ಅಂದರೆ ಬೋರ್‌ವೆಲ್ಲೂ ಸೇರಿತು. ಎಷ್ಟು ದೂರ ಅನ್ನೋದಕ್ಕೆ ಉತ್ತರ ಕಾಯ್ದೆಯಲ್ಲೇ ಇತ್ತು.

ಒಂದು ಬೋರ್‌ವೆಲ್ ಸುತ್ತ 500 ಮೀಟರ್ ಅಂದರೆ ಸುಮಾರು 194 ಎಕರೆ. ಆಗ ನಮಗೆ ಉಳಿದಿದ್ದ ನಾಲ್ಕು ಬೋರ್‌ವೆಲ್ ಸುತ್ತ ವೃತ್ತ ಎಳೆದರೆ ಒಂದರ ಮೇಲೊಂದು ಕೂತು ಕೆರೆ ಏರಿಯಿಂದ ಮೇಲಿನ ಗೋಮಾಳದವರೆಗೂ ಮುಚ್ಚಿಕೊಳ್ಳುತ್ತವೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ಎಡವಿದ್ದೂ ಅಲ್ಲೇ. ಗ್ರಾಮನಕ್ಷೆ 1:7920 ಅಳತೆಯದು, ಹಾಗಾದರೆ 500 ಮೀಟರಿಗೆ ಕೈವಾರದಲ್ಲಿ 6.3 ಸೆಂಟಿಮೀಟರ್. ಲೆಕ್ಕ ಸರಿ ಇತ್ತು. ನಕ್ಷೆ ಸರಿ ಇರಲಿಲ್ಲ. ನಾವು ಗೆರೆ ಎಳೆದದ್ದು ಜೆರಾಕ್ಸ್ ಅಂಗಡಿಯಲ್ಲಿ ಸಣ್ಣದು ಮಾಡಿಸಿದ ಪ್ರತಿಯ ಮೇಲೆ. ನೆಲದಲ್ಲಿ ನಮ್ಮ ವೃತ್ತ 650 ಮೀಟರ್ ಹತ್ತಿರ ಹೋಗಿತ್ತು. ಎದುರು ಪಾರ್ಟಿಯ ಸರ್ವೆಯರ್ ಅದನ್ನು ಹಿಡಿದು ಸಭೆಯಲ್ಲಿ ತೋರಿಸಿದಾಗ ನಮ್ಮ ಬಾಯಿ ಕಟ್ಟಿತು. ಒಂದು ವರ್ಷದ ಕೆಲಸ ನೀರುಪಾಲು. ಆಮೇಲೆ ಮೂಲ ಅಳತೆಯ ನಕ್ಷೆಗೇ ಅರ್ಜಿ ಹಾಕಿ ತೆಗೆಸಿದೆ. ಪ್ರತಿ ಬೋರ್‌ವೆಲ್ ಹತ್ತಿರ ನಿಂತು ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ತಾಳೆ ನೋಡಿದೆ. ಖಾಸಗಿ ಸರ್ವೆಯವರಿಗೆ ಹನ್ನೆರಡು ಸಾವಿರ ಕೈಯಿಂದ ಕೊಟ್ಟು ಮತ್ತೆ ಗೆರೆ ಎಳೆಸಿದೆ. ಆ ಹಣ ನನಗೆ ವಾಪಸ್ ಬಂದಿಲ್ಲ, ಕೇಳಲೂ ಇಲ್ಲ.

ಇನ್ನೊಂದು ತೊಡಕು ನಮ್ಮ ಕಡತದಲ್ಲೇ ಇತ್ತು. ನಾಲ್ಕರಲ್ಲಿ ಎರಡು ಬೋರ್‌ವೆಲ್ ರೈತರ ಹಿಡುವಳಿ ಜಮೀನಿನಲ್ಲಿದ್ದವು. ಬಾಯಿ ಮಾತಿನ ಒಪ್ಪಿಗೆ, ಕಾಗದ ಇಲ್ಲ. ಪಂಚಾಯಿತಿ ಆಸ್ತಿ ರಿಜಿಸ್ಟರಿನಲ್ಲಿ "ಕೆರೆ ಹತ್ತಿರದ ಬೋರ್" ಅಂತ ಬರೆದಿತ್ತು ಅಷ್ಟೇ. ಸಾರ್ವಜನಿಕ ಮೂಲ ಅಂತ ಸಾಬೀತು ಮಾಡೋದು ಹೇಗೆ? ಕರೆಂಟಿನ ಆರ್‌ಆರ್ ನಂಬರ್, ಅಂದರೆ ವಿದ್ಯುತ್ ಸಂಪರ್ಕದ ನೋಂದಣಿ ಸಂಖ್ಯೆ, ನಮ್ಮನ್ನು ಉಳಿಸಿತು. ಮೀಟರ್ ಪಂಚಾಯಿತಿ ಹೆಸರಲ್ಲಿದೆ, ಬಿಲ್ ಪಂಚಾಯಿತಿ ಕಟ್ಟಿದೆ, ಸಂಪರ್ಕ ಕೊಟ್ಟ ತಾರೀಕು ಇದೆ. ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ? ಸರ್ವೆ ನಂಬರ್, ಆರ್‌ಆರ್ ನಂಬರ್, ಆಳ, ಎಷ್ಟು ಮನೆಗೆ ನೀರು, ಎಲ್ಲ ಒಂದೇ ಹಾಳೆಗೆ ಬಂತು. ಇದನ್ನು ಓದುತ್ತಿರುವ ಮೆಂಬರುಗಳು ಬೇರೆ ಏನು ಮಾಡದಿದ್ದರೂ ಈ ಹಾಳೆಯೊಂದನ್ನು ಮಾಡಿಸಿಕೊಳ್ಳಿ.

ಗ್ರಾಮಸಭೆಯಲ್ಲಿ ಇದನ್ನು ಇಟ್ಟ ದಿನ ಗಲಾಟೆ ಆಯಿತು. ಗೆರೆ ಒಳಗೆ ಜಮೀನಿದ್ದ ಒಬ್ಬ ಹೆಣ್ಣುಮಗಳು ಎದ್ದು ನಿಂತು, "ಊರಿಗೆ ನೀರು ಬೇಕು, ಸರಿ ಅಧ್ಯಕ್ಷರೇ. ನನ್ನ ಎರಡು ಹಸು ಏನ್ ಕುಡೀಬೇಕು? ಹಾಲು ಡೇರಿಗೆ ಹಾಕಿ ತಾನೇ ನಾನು ಬಡ್ಡಿ ಕಟ್ಟೋದು?" ಅಂದರು. ಆ ಮಾತಿಗೆ ಕಾಯ್ದೆ ತೋರಿಸಿ ಉತ್ತರ ಕೊಡೋಕಾಗಲ್ಲ. ಈಗಾಗಲೇ ಇರುವ ಬೋರ್‌ವೆಲ್‌ಗೆ ಯಾರೂ ಕೈ ಹಚ್ಚಲ್ಲ ಅಂತ ಅಲ್ಲೇ ಬರೆಸಿದೆ. ಗೆರೆ ಒಳಗಿನವರಿಗೆ ನರೇಗಾದ ಕೃಷಿ ಹೊಂಡ, ದನದ ತೊಟ್ಟಿ ಮೊದಲು ಅಂತ ಕ್ರಿಯಾಯೋಜನೆಯಲ್ಲಿ ಸೇರಿಸಿದೆವು. ಆ ತಾಯಿಯ ಜಮೀನಿನ ಹೊಂಡವೇ ಮೊದಲನೆಯದು. ಆಮೇಲೆ ನಾಲ್ಕು ವರ್ಷದಲ್ಲಿ ಗೆರೆ ಒಳಗೆ ಕೊರೆಸೋಕೆ ಹೊರಟವರು ಹನ್ನೊಂದು ಮಂದಿ ಇರಬೇಕು. ಒಂಬತ್ತು ಜನ ಮಾತಿಗೆ ಒಪ್ಪಿದರು. ಇಬ್ಬರು ರಾತ್ರಿ ಕೊರೆಸಿದರು. ತಮಿಳುನಾಡಿನ ರಿಗ್ ಗಾಡಿ ಬೆಳಗಾಗುವಷ್ಟರಲ್ಲಿ ಊರು ಬಿಟ್ಟಿತ್ತು. ಈಗ ರಿಗ್ ಏಜೆಂಟರಿಗೇ ನಕ್ಷೆ ಕೊಟ್ಟಿದ್ದೇವೆ. ಅವರನ್ನು ಒಪ್ಪಿಸಿದ್ದು ಹೇಗೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಎದುರು ಸಿಕ್ಕಾಗ ಹೇಳುತ್ತೇನೆ.

ಗೆರೆ ಎಳೆದರೆ ಇರೋ ನೀರು ಉಳಿಯುತ್ತದೆ, ಹೊಸ ನೀರು ಬರಬೇಕಲ್ಲ. ಅದಕ್ಕೆ ಕಾಲುವೆ ಬೇಕು. ಅಲ್ಲೇ ಲೇಔಟಿನ ಕಥೆ ಶುರುವಾಗಿದ್ದು.

ಕೆರೆಯ ಮೇಲ್ಭಾಗದಲ್ಲಿ ಹದಿನಾಲ್ಕು ಎಕರೆ ಚಿಲ್ಲರೆ ಜಮೀನು ಪರಿವರ್ತನೆಯಾಗಿ ಲೇಔಟಿಗೆ ಬಂತು. ಮಂಜೂರಾತಿ ಯೋಜನಾ ಪ್ರಾಧಿಕಾರದ್ದು. ನಮ್ಮ ಪಾಲಿಗೆ ಉಳಿದಿದ್ದು ಕೊನೆಯಲ್ಲಿ ರಸ್ತೆ, ಪಾರ್ಕು ವಹಿಸಿಕೊಂಡು ಸೈಟುಗಳಿಗೆ ಇ-ಸ್ವತ್ತು ಖಾತೆ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ಮಾಡಿಕೊಡೋದು. "ಅಲ್ಲಿ ಕಾಲುವೆ ಎಲ್ಲಿದೆ? ನೆಲ ಸಪಾಟಾಗಿದೆ ನೋಡಿ" ಅಂದರು ಮಾಲೀಕರ ಕಡೆಯವರು. ನಿಜ, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಇಪ್ಪತ್ತು ವರ್ಷ ನೀಲಗಿರಿ ನಿಂತಿದ್ದ ಜಾಗ.

ಕೆರೆ ನೀರು ಬಿಡುವ ಕೆಲಸ ಮಾಡುತ್ತಿದ್ದ ನಮ್ಮೂರ ಹಳೇ ನೀರುಗಂಟಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಎಂಬತ್ತು ದಾಟಿದ ತಾತ. ಕಣ್ಣು ಮಂಜು, ಆದರೆ ಕಾಲಿಗೆ ದಾರಿ ಗೊತ್ತು. ಕೋಲು ಊರಿಕೊಂಡು ನಡೆದು ಒಂದು ಕಡೆ ನಿಂತು, "ಇಲ್ಲಿ ತಿರುಗ್ತಿತ್ತು ಕಣಪ್ಪಾ. ಇಲ್ಲೊಂದು ಹೊಂಗೆ ಮರ ಇತ್ತು. ಅಗೆದು ನೋಡು" ಅಂದರು. ಜೆಸಿಬಿಗೆ ಗಂಟೆಗೆ ಸಾವಿರ ಕೊಟ್ಟು ಅಡ್ಡಲಾಗಿ ಒಂದು ಗುಂಡಿ ತೆಗೆಸಿದೆವು. ಎರಡು ಅಡಿವರೆಗೆ ಬರೀ ಕೆಂಪು ಮಣ್ಣು. ಅದರ ಕೆಳಗೆ, ಎರಡು ಮಾರು ಅಗಲಕ್ಕೆ, ಬೂದು ಬಣ್ಣದ ಸಣ್ಣ ಮರಳು. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರುತ್ತಿತ್ತು. ಎರಡೂ ಪಕ್ಕ ಮತ್ತೆ ಕೆಂಪು ಮಣ್ಣು. ನೂರಾರು ವರ್ಷ ನೀರು ಹರಿದ ಜಾಗ ಅದು. ತಾತ ಆ ಮರಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಫೋಟೋ, ಮರಳಿನ ಚೀಲ ಎಲ್ಲ ಇಟ್ಟುಕೊಂಡೆ. ಆದರೆ ಕೆಲಸ ಮಾಡಿದ್ದು ಪಹಣಿಯ 'ಬಿ' ಖರಾಬು ಕಾಲಂ. 'ಎ' ಖರಾಬು ಅಂದರೆ ಉಳುಮೆಗೆ ಬಾರದ ಜಾಗ, 'ಬಿ' ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರದ ಜಾಗ. ಮೂರು ಸರ್ವೆ ನಂಬರಿನಲ್ಲಿ ಸೇರಿ 19 ಗುಂಟೆ 'ಬಿ' ಖರಾಬು ಇತ್ತು. ಸರ್ವೆ ಇಲಾಖೆಯ ಮೂಲ ದಾಖಲೆಯಾದ ಆಕಾರಬಂದ್ ತೆಗೆಸಿ ನೋಡಿದರೆ ಹಳ್ಳ ಅಂತಲೇ ಇತ್ತು. ಲೇಔಟ್ ನಕ್ಷೆಯಲ್ಲಿ ಆ ಜಾಗದ ಮೇಲೆ 30 ಅಡಿ ರಸ್ತೆ, ಕೆಳಗೆ ಒಂದು ಹ್ಯೂಮ್ ಪೈಪ್ ತೋರಿಸಿದ್ದರು. ಸರ್ಕಾರದ ಹಳ್ಳದ ಮೇಲೆ ಹಾಕಿದ ರಸ್ತೆಯನ್ನು ಪಂಚಾಯಿತಿ ಖಾಸಗಿಯವರಿಂದ ವಹಿಸಿಕೊಳ್ಳೋದು ಹೇಗೆ? ಅವರದ್ದಲ್ಲದ್ದನ್ನು ಅವರು ಕೊಡೋಕಾಗುತ್ತಾ? ಈ ಒಂದು ಪ್ರಶ್ನೆಯನ್ನು ಠರಾವಿನಲ್ಲಿ ಬರೆಸಿದೆ. ಜೊತೆಗೆ 2011ರ ಜಗಪಾಲ್ ಸಿಂಗ್ ಕೇಸಿನ ಸುಪ್ರೀಂ ಕೋರ್ಟ್ ತೀರ್ಪಿನ ಪ್ರತಿ ಲಗತ್ತಿಸಿದೆ. ಊರಿನ ಕೆರೆ ಕುಂಟೆ ಒತ್ತುವರಿಯನ್ನು ಸಕ್ರಮ ಮಾಡಬಾರದು ಅನ್ನೋ ತೀರ್ಪು ಅದು.

ಸಭೆಗೆ ಮುಂಚೆ ದೇವಸ್ಥಾನದ ಕಮಾನಿಗೆ ಐದು ಲಕ್ಷ ಕೊಡುತ್ತೇವೆ ಅಂತ ಮಾತು ಬಂತು. ಊರೊಳಗೇ ಎರಡು ಗುಂಪಾಯಿತು. ನನ್ನ ಸ್ವಂತ ಮಾವ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಹದಿನೆಂಟು ಜನ ಸದಸ್ಯರಲ್ಲಿ ಹನ್ನೊಂದು ಜನ ಠರಾವಿನ ಪರ ಕೈ ಎತ್ತಿದರು, ಅದರಲ್ಲಿ ಏಳು ಜನ ಹೆಣ್ಣುಮಕ್ಕಳು. ಬಿಂದಿಗೆ ಹೊತ್ತವರು ಅವರೇ. ಅವರ ಜೊತೆ ಮೊದಲೇ ಮಾತಾಡಿದ್ದೆ, ಅದನ್ನು ಮುಚ್ಚಿಡೋದೇನಿಲ್ಲ.

ಹದಿನಾಲ್ಕು ತಿಂಗಳು ಖಾತೆ ನಿಂತಿತು. ನನ್ನ ಮೇಲೆ ಅರ್ಜಿಗಳು ಹೋದವು. ಕೊನೆಗೆ ನಕ್ಷೆ ಬದಲಾಯಿತು. 18 ಅಡಿ ಅಗಲದ ತೆರೆದ ಕಾಲುವೆ ಉಳಿಯಿತು. ಪೈಪ್ ಬದಲು ಮೋರಿ ಬಂತು. ಮೂಲೆಯಲ್ಲಿದ್ದ ಪಾರ್ಕನ್ನು ಕಾಲುವೆ ಪಕ್ಕಕ್ಕೆ ತಂದರು. ಅವರು ಕಳೆದುಕೊಂಡದ್ದು ನಾಲ್ಕೋ ಐದೋ ಸೈಟು. ಈಗ ಕಾಲುವೆ ಪಕ್ಕದ ಸೈಟುಗಳಿಗೇ ರೇಟು ಜಾಸ್ತಿ ಅಂತ ಅವರೇ ಹೇಳುತ್ತಾರೆ.

2021ರ ನವೆಂಬರ್ ಮಳೆ ನಿಮಗೆ ನೆನಪಿರಬೇಕು, ಜಿಲ್ಲೆಯಲ್ಲಿ ಕೆರೆಗಳು ಕೋಡಿ ಹರಿದ ವರ್ಷ. ಆಗಿನ್ನೂ ಮೋರಿ ಕೆಲಸ ಆಗಿರಲಿಲ್ಲ. ಗುಂಡಿ ತೆಗೆಸಿದ ಜಾಗದಲ್ಲೇ ನೀರು ದಾರಿ ಮಾಡಿಕೊಂಡು ಹೋಯಿತು. ಹಳೆಯ ತಿರುವಿನಲ್ಲೇ, ತಾತ ತೋರಿಸಿದ ಕಡೆಯೇ ತಿರುಗಿತು. ಆ ಫೋಟೋ ಕಡತಕ್ಕೆ ಸೇರಿದ ಮೇಲೆ ಎದುರು ವಾದ ಅರ್ಧ ನಿಂತಿತು.

ನಡುವೆ ಒಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ನೀರು ಕಮ್ಮಿಯಾದ ಬೋರ್‌ವೆಲ್ ಸುತ್ತ ಇಂಗುಗುಂಡಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಆಳ. ಕೇಸಿಂಗ್‌ಗೆ ತೂತು, ಜಾಲರಿ, ದಪ್ಪ ಕಲ್ಲು, ಜಲ್ಲಿ, ಮರಳು. ಮೊದಲನೆಯದನ್ನು ಕಾಲುವೆ ಬಾಯಲ್ಲೇ ಮಾಡಿದ್ದು ತಪ್ಪಾಯಿತು. ಒಂದೇ ಮಳೆಗೆ ಗೋಡು ತುಂಬಿ ಬೋರ್ ಒಳಗೆಲ್ಲ ಕೆಸರು. ತಿಂಗಳುಗಟ್ಟಲೆ ಕೆಂಪು ನೀರು, ಮೋಟಾರ್ ಸುಟ್ಟು 38 ಸಾವಿರ ಹೋಯಿತು. ಎರಡನೆಯದಕ್ಕೆ ಮುಂಚೆ ಇನ್ನೊಂದು ಗುಂಡಿ ತೆಗೆದು ಗೋಡು ಅಲ್ಲೇ ಕೂರುವ ಹಾಗೆ ಮಾಡಿದೆವು. ಅದು ಗೆದ್ದಿತು. ಅರ್ಧ ಇಂಚು ಒಂದೂಕಾಲು ಇಂಚಾಯಿತು. ಫ್ಲೋರೈಡ್ ಲೀಟರಿಗೆ 2.4 ಮಿಲಿಗ್ರಾಂ ಇದ್ದದ್ದು ಮಳೆಗಾಲದ ಕೊನೆಗೆ 1.6ಕ್ಕೆ ಇಳಿಯಿತು. 1.5ರ ಮಿತಿ ಮುಟ್ಟಿಲ್ಲ, ಹಾಗಾಗಿ ಕುಡಿಯೋಕೆ ಇನ್ನೂ ಶುದ್ಧ ನೀರಿನ ಘಟಕದ ನೀರೇ. ಮರಳಿನ ಪದರದ ಮೇಲೆ ನಾವು ಹಾಕಿದ ಇನ್ನೊಂದು ವಸ್ತು ಇದೆ. ಎರಡು ಮಳೆಗಾಲ ಪರೀಕ್ಷೆ ಮಾಡಿ ಆಮೇಲೆ ಹೇಳುತ್ತೇನೆ.

ಒಟ್ಟು ಖರ್ಚು ಕೇಳುತ್ತೀರಾ? ಸರ್ವೆ, ನಕ್ಷೆ, ಜೆಸಿಬಿ, ಓಡಾಟ ಎಲ್ಲ ಸೇರಿ ಎರಡು ಲಕ್ಷದ ಒಳಗೆ. ಕಾಲುವೆ ಹೂಳು ತೆಗೆದದ್ದು ನರೇಗಾದಲ್ಲಿ, ಅದು ಬೇರೆ. 2017ರಲ್ಲಿ ಟ್ಯಾಂಕರಿಗೆ ಹೋದ ಹಣದಲ್ಲಿ ಐದನೇ ಒಂದು ಪಾಲೂ ಇಲ್ಲ.

ಉಳಿದಿರೋದು ಮೇಲಿನ ಕೆರೆ. ಅದರ ಕೋಡಿ ನೀರೇ ನಮ್ಮ ಕಾಲುವೆಗೆ ಬರಬೇಕು. ಆದರೆ ಅದು ಪಕ್ಕದ ಪಂಚಾಯಿತಿಗೆ ಸೇರಿದ್ದು, ಅಲ್ಲೂ ಒಂದು ಲೇಔಟಿನ ಕಲ್ಲು ನೆಟ್ಟಿದ್ದಾರೆ. ಅಲ್ಲಿನ ಅಧ್ಯಕ್ಷೆ ಮೊನ್ನೆ ಫೋನ್ ಮಾಡಿ, "ಅಣ್ಣಾ, ನಮ್ಮ ಗ್ರಾಮಸಭೆಗೆ ಬರ್ತೀರಾ? ಆ ದೊಡ್ಡ ನಕ್ಷೆ ಮರೀದೆ ತನ್ನಿ" ಅಂದರು. ಅವರ ಬೋರ್‌ವೆಲ್‌ಗಳ ಆರ್‌ಆರ್ ನಂಬರ್ ಪಟ್ಟಿ ಮೊದಲು ಕಳಿಸಿ ಅಂದಿದ್ದೇನೆ. ನಿನ್ನೆ ಬಂತು. ಆರು ಬೋರ್‌ವೆಲ್, ಅದರಲ್ಲಿ ಎರಡಕ್ಕೆ ಸರ್ವೆ ನಂಬರ್ ಇಲ್ಲ. ಭಾನುವಾರ ಹೋಗಿ ನಿಂತು ನೋಡಿ ಬರಬೇಕು.