ಹಿಕ್ಕೆ ಹುಡುಕಿಸಿ ಜನರನ್ನು ಒಟ್ಟುಮಾಡಿದ್ದು

ಕೊವಾಲಾ (ಮರದ ಮೇಲೆ ಬದುಕುವ ಆಸ್ಟ್ರೇಲಿಯಾದ ಪ್ರಾಣಿ) ಉಳಿಸಲು ಓಡಾಡುವ ನಮ್ಮ ಸ್ವಯಂಸೇವಕರ ಗುಂಪಿನ ಹಳಬರು ಮೊದಲೇ ಹೇಳಿಬಿಟ್ಟಿದ್ದರು: ಹೊಸ ಬಡಾವಣೆಯವರು ಯಾರೂ ಬರಲ್ಲ, ಅದರಲ್ಲೂ ನಿಮ್ಮ ಇಂಡಿಯಾದವರಿಗೆ ಮನೆ ಸಾಲ ತೀರಿಸುವುದರಲ್ಲೇ ಪುರುಸೊತ್ತಿಲ್ಲ. ಈಗ ಅದೇ ಬಡಾವಣೆಯಿಂದ, ಕೊವಾಲಾ ಓಡಾಡುವ ಜಾಗ ಉಳಿಸಿ ಅಂತ 40ರ ಹತ್ತಿರ ಪತ್ರ ಹೋಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಜಂಬ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನಿರುವುದು ಸಿಡ್ನಿಯ ನೈಋತ್ಯಕ್ಕೆ, ಕ್ಯಾಂಬೆಲ್‌ಟೌನ್ ಕಡೆ. ಇಲ್ಲಿಯ ಕೊವಾಲಾ ಯೋಜನೆಗೆ 2020ರಲ್ಲೇ ಒಪ್ಪಿಗೆ ಸಿಕ್ಕಿದೆ. ಅದೇ ವರ್ಷ ನಮ್ಮ ನ್ಯೂ ಸೌತ್ ವೇಲ್ಸ್ ರಾಜ್ಯದ ಮುಖ್ಯ ವಿಜ್ಞಾನಿಯ ವರದಿ, ಕಾರಿಡಾರ್, ಅಂದರೆ ಪ್ರಾಣಿ ಓಡಾಡುವ ಕಾಡಿನ ಪಟ್ಟಿ, ಸರಾಸರಿ 390ರಿಂದ 425 ಮೀಟರ್ ಅಗಲ ಇರಬೇಕು ಅಂದಿತು. ಆನೆ ಕಾರಿಡಾರ್ ಜಗಳ ನೋಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಜಾರ್ಜಸ್ ನದಿ ಕಡೆಯಿಂದ ನೇಪಿಯನ್ ಕಡೆಗೆ ದಾಟುವ ಪ್ರಾಣಿ, ನಡುವೆ ಆ್ಯಪಿನ್ ರಸ್ತೆ, ಆಚೀಚೆ ಸೈಟುಗಳು. ಬಡಾವಣೆಯ ನಕ್ಷೆ ಜನರ ಅಭಿಪ್ರಾಯಕ್ಕೆ ಬಂದಾಗೆಲ್ಲ ಅಲ್ಲಿ ವಾಸವಿರುವವರೇ ಬರೆಯದಿದ್ದರೆ ಆ ಅಗಲ ವರದಿಯಲ್ಲೇ ಉಳಿಯುತ್ತದೆ.

ಮೊದಲು ಕರಪತ್ರ ಹಂಚಿದೆವು. ಸರ್ಕಾರ ತುರ್ತಾಗಿ ಏನೂ ಮಾಡದಿದ್ದರೆ 2050ರೊಳಗೆ ಈ ರಾಜ್ಯದಲ್ಲಿ ಕೊವಾಲಾವೇ ಇರಲ್ಲ ಅನ್ನುವ ಶಾಸಕರ ಸಮಿತಿಯ ಮಾತನ್ನು ದಪ್ಪಕ್ಷರದಲ್ಲಿ ಹಾಕಿಸಿದೆವು. 300 ಡಾಲರ್ ಸುಮಾರು ಖರ್ಚು, ಒಂದು ಫೋನೂ ಬರಲಿಲ್ಲ. ಆಮೇಲೆ ರಾಜ್ಯೋತ್ಸವದ ದಿನ ಮೇಜು ಹಾಕಿ ಕೂತೆ. ಮಕ್ಕಳು ಸ್ಟಿಕರ್ ಖಾಲಿ ಮಾಡಿದರು, ದೊಡ್ಡವರು ಬಿಸಿಬೇಳೆಬಾತಿನ ಸಾಲಿಗೆ ಹೋದರು. ಸಹಿ ಸಂಗ್ರಹ ಚೆನ್ನಾಗೇ ಆಯಿತು, ಆದರೆ ಒಂದೇ ಒಕ್ಕಣೆಯ ನೂರು ಸಹಿ ಓದುವವರ ಲೆಕ್ಕದಲ್ಲಿ ಒಂದೇ ಪತ್ರ. ಹಣದಲ್ಲಿ ಜಾಸ್ತಿ ತಿಂದಿದ್ದು ಮಾತ್ರ ವಿಮೆ. ಜನರನ್ನು ಕಾಡಂಚಿಗೆ ಕರೆದುಕೊಂಡು ಹೋಗಬೇಕಾದರೆ ಅದಿಲ್ಲದೆ ಆಗಲ್ಲ, ಅಲ್ವಾ?

ದಾರಿ ತೋರಿಸಿದ್ದು ಒಬ್ಬ ಗೆಳೆಯನ ತಂದೆ. ಚಿಂತಾಮಣಿ ಕಡೆಯವರು, ಮಗನ ಮನೆಗೆ ಮೂರು ತಿಂಗಳಿಗೆ ಬಂದಿದ್ದರು. ನಾನು ಸಸಿ ನೆಡುವುದನ್ನು ನೋಡಿ, "ಏನಪ್ಪಾ, ನಮ್ಮೂರಲ್ಲಿ ಅಂತರ್ಜಲ ಹೋಯ್ತು ಅಂತ ನೀಲಗಿರಿ ಕೀಳ್ತಾವ್ರೆ, ನೀನು ಇಲ್ಲಿ ನೆಡ್ತೀಯಾ?" ಅಂದರು. ಅವರು ಕೇಳಿದ್ದು ಸರಿಯೇ. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನೇ ನಿಷೇಧಿಸಿತ್ತು. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದು, ಆಮೇಲೆ ಮೈಸೂರ್ ಗಮ್ ಅಂತ ಹೆಸರು ಪಡೆದ ಆ ಮರ ಇಲ್ಲಿಯ ಫಾರೆಸ್ಟ್ ರೆಡ್ ಗಮ್ ಜಾತಿಯದೇ. ಕೊವಾಲಾಗೆ ಇಷ್ಟದ ಮೇವು. ಇದು ಅದರ ತವರು ಅಂದಾಗ ಅವರು ಸುಮ್ಮನಾದರು. ಆಮೇಲೆ ಬಗ್ಗಿ ತರಗೆಲೆ ಸರಿಸಿ, "ಇದೇನು ಮೇಕೆ ಹಿಕ್ಕೆ ಅಲ್ಲ" ಅಂತ ಒಂದನ್ನು ಎತ್ತಿಕೊಟ್ಟರು. ಸಣ್ಣ ಖರ್ಜೂರದ ಬೀಜದಷ್ಟು, ಮೇಲೆ ಗೀರು, ಎರಡೂ ತುದಿ ಒಂದೇ ಥರ. ಮುರಿದರೆ ಒಳಗೆ ಹಸಿರು, ಗಮ್ಮಂತ ನೀಲಗಿರಿ ವಾಸನೆ. ಅದು ಅವರ ಮಗನ ಬೇಲಿಯಿಂದ ಇಪ್ಪತ್ತು ಹೆಜ್ಜೆ ದೂರ ಅಷ್ಟೇ.

ಅಂದು ಸಂಜೆಯೇ ಆ ಬೀದಿಯ ಐದಾರು ಮನೆಯವರು ಟಾರ್ಚ್ ಹಿಡಿದು ಬಂದರು. ಅಲ್ಲಿಂದ ಕೊವಾಲಾ ಉಳಿಸಿ ಅನ್ನುವುದನ್ನೇ ಬಿಟ್ಟೆ. ನಿಮ್ಮ ಮರದ ಬುಡದಲ್ಲಿ ಹಿಕ್ಕೆ ಇದೆಯಾ ನೋಡಿ ಅಂದೆ. ಮರಕ್ಕೆ ಎರಡು ನಿಮಿಷ, ಬುಡದಿಂದ ಒಂದು ಮೀಟರ್ ಒಳಗೆ.  ಸಿಕ್ಕಿದ್ದನ್ನು ಅವರ ಕೈಯಲ್ಲೇ ಫೋಟೋ ತೆಗೆಸಿ ಬಯೋನೆಟ್‌ಗೆ, ಅಂದರೆ ರಾಜ್ಯದ ವನ್ಯಜೀವಿ ದಾಖಲೆಗೆ, ಕಳಿಸಿದೆವು. ಯಾವ ಮರಗಳು ಅಂತ ಇಲ್ಲಿ ಹೇಳಲ್ಲ, ಕ್ಯಾಮೆರಾ ಹಿಡಿದವರ ಕಾಟ ಜಾಸ್ತಿ.

ಕೊವಾಲಾ ಇದೆ ಅಂತ ಗೊತ್ತಾದರೆ ಮನೆ ರೇಟ್ ಬೀಳುತ್ತೆ, ಒಂದು ಕೊಂಬೆ ಕಡಿಯೋಕೂ ಬಿಡಲ್ಲ ಅನ್ನುವ ಭಯ ಬಂದೇ ಬರುತ್ತದೆ. ಸಭೆಯಲ್ಲಿ ಉತ್ತರ ಕೊಡಬೇಡಿ. ಒಬ್ಬರು ಶುರು ಮಾಡಿದರೆ ಎಲ್ಲರೂ ದನಿಗೂಡಿಸುತ್ತಾರೆ. ಅವರವರ ಅಡುಗೆಮನೆ ಮೇಜಿನ ಮೇಲೆ ಅವರದೇ ಸೈಟಿನ ನಕ್ಷೆ ಹರಡಿ ಮಾತಾಡಿ. ಪತ್ರವನ್ನು ನಾನು ಬರೆದುಕೊಡಲಿಲ್ಲ, ಮೂರು ಪ್ರಶ್ನೆ ಕೇಳಿದೆ. ಎಲ್ಲಿ ನೋಡಿದಿರಿ? ಆ ಜಾಗ ಹೋದರೆ ನಿಮಗೇನು? ಮೂರನೆಯದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಆಗಸ್ಟ್ ನಂತರ ಗಂಡು ಕೊವಾಲಾ ರಾತ್ರಿ ಕೂಗುತ್ತದಲ್ಲ, ಅದನ್ನು ಹಿಡಿಯಲು ಹಳೇ ಫೋನನ್ನು ಕಿಟಕಿಯಲ್ಲಿಟ್ಟೆ. ರಾತ್ರಿಯಿಡೀ ಬೈಕ್ ಸದ್ದು, ಪಾಸಮ್ ಅನ್ನುವ ರಾತ್ರಿ ಪ್ರಾಣಿಗಳ ಜಗಳ. ಒಂದೇ ಒಂದು ಸಲ ಸ್ಪಷ್ಟವಾಗಿ ಸಿಕ್ಕಿತು. ಅದನ್ನು ಕೇಳಿಸಿದ ಮನೆಗಳಲ್ಲಿ ಪತ್ರ ಬರೆಯಲು ಯಾರೂ ಇಲ್ಲ ಅನ್ನಲಿಲ್ಲ.

ಇನ್ನೂ ಬಗ್ಗದಿರುವುದು ನಾಯಿ ವಿಷಯ. ರಾತ್ರಿ ಮರದಿಂದ ಇಳಿದ ಕೊವಾಲಾಗೆ ನಾಯಿ ಅಪಾಯ. ಪತ್ರಕ್ಕೆ ಸಹಿ ಹಾಕಿದವರಲ್ಲೇ ಅರ್ಧ ಜನ ರಾತ್ರಿ ನಾಯಿಯನ್ನು ಒಳಗೆ ಕಟ್ಟಲು ಒಪ್ಪುತ್ತಿಲ್ಲ. "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ ಸಾರ್" ಅನ್ನುತ್ತಾರೆ.